ತೆರೆಯದ ಬೀರು

ಆಷಾಢದ ಮಳೆ ಹಿಡಿದದ್ದು ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯ ಜಗಲಿಯಲ್ಲಿ, ಮೂವತ್ತು ವರ್ಷಗಳ ಕಾಲ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ವಿಶ್ರಾಂತರಾದ ಹಿರಿಯರೊಬ್ಬರಿಗೂ, ಒಂದು ಕಾಲಕ್ಕೆ ಅವರಲ್ಲಿ ಓದಿ ಈಗ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ನಡೆಸುತ್ತಿರುವ ತರುಣಿಯೊಬ್ಬಳಿಗೂ ನಡೆದ ಸಂಭಾಷಣೆ ಇದು. ವಿಲ್ಕಿ ಕಾಲಿನ್ಸ್ ಎಂಬ ಆಂಗ್ಲ ಕಾದಂಬರಿಕಾರನು 1868ರ ಜನವರಿಯಿಂದ ಆಗಸ್ಟ್‌ವರೆಗೆ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಎಂಬ ಪತ್ತೇದಾರಿ ಕಾದಂಬರಿಯನ್ನು ಹಿರಿಯರು ಅವಳಿಗೆ ಓದಲು ಕೊಟ್ಟಿದ್ದರು. ಅದನ್ನು ಹಿಂದಿರುಗಿಸಲೆಂದು ಅವಳು ಬಂದಿದ್ದಳು. ನಾನು ಅದೇ ಜಗಲಿಯ ಮೂಲೆಯ ಬೆಂಚಿನಲ್ಲಿ ಕುಳಿತು ಕೇಳಿದವನು. ಇಬ್ಬರ ಮಾತೂ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿದದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಹಿರಿಯರು: ಪೂರ್ತಿ ಓದಿದೆಯೋ, ನಡುವೆ ಕೈಬಿಟ್ಟೆಯೋ? ಮುಚ್ಚುಮರೆ ಬೇಡ.

ತರುಣಿ: ಓದಿದೆ, ಮೇಷ್ಟ್ರೇ, ಆದರೆ ಬೆವರಿಳಿಸಿತು. ನಮ್ಮಜ್ಜನ ಮನೆಯ ಅಟ್ಟದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳ ಕಟ್ಟು ಒಂದಿತ್ತು. ರಜೆಯಲ್ಲಿ ಹೋದಾಗ ಊಟಕ್ಕೆ ಕರೆಯುವುದರೊಳಗೆ ಒಂದು, ದೀಪ ಹಚ್ಚುವುದರೊಳಗೆ ಇನ್ನೊಂದು ಮುಗಿಸುತ್ತಿದ್ದೆ. ಅಂಥ ಓಟಕ್ಕೆ ಒಗ್ಗಿದವಳಿಗೆ ಇದು ಏರುದಾರಿ. ಒಬ್ಬ ಮುದಿ ಪಾರುಪತ್ಯಗಾರ ಇನ್ನೂರು ಪುಟ ಹೇಳುತ್ತಾನೆ. ಅವನು ನಿಲ್ಲಿಸಿದಲ್ಲಿ ಒಬ್ಬ ಧರ್ಮಭೀರು ಹೆಂಗಸು ಹಿಡಿಯುತ್ತಾಳೆ. ಆಮೇಲೆ ವಕೀಲ, ವೈದ್ಯನ ಸಹಾಯಕ, ಪೊಲೀಸಿನವನು. ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳತಕ್ಕದ್ದು ಎಂಬ ಕಟ್ಟಳೆ ಬೇರೆ. ಸಾಕ್ಷಿಕಟ್ಟೆಯ ಎದುರು ಹಗಲೆಲ್ಲ ನಿಂತು ಬಂದವಳು ರಾತ್ರಿಯೂ ಸಾಕ್ಷಿಗಳನ್ನೇ ಕೇಳಬೇಕಾಯಿತು.

ಹಿರಿಯರು: ಅದು ನಮ್ಮ ನೆಲದಿಂದ ಹೊರಟ ಕಥೆ ಎಂಬುದಾದರೂ ನಿನ್ನನ್ನು ಹಿಡಿದಿಡಲಿಲ್ಲವೆ? 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದ ಮಧ್ಯಾಹ್ನ, ಟಿಪ್ಪುವಿನ ಅರಮನೆಯೊಳಗೆ ನುಗ್ಗಿದ ಇಂಗ್ಲಿಷ್ ಅಧಿಕಾರಿಯೊಬ್ಬನು ಕಾವಲಿನವರನ್ನು ಕೊಂದು ಒಂದು ಹಳದಿ ವಜ್ರವನ್ನು ಅಪಹರಿಸುತ್ತಾನೆ. ಕಾದಂಬರಿಯ ಮೊದಲ ಪುಟಗಳು ಅವೇ. ವಜ್ರ ಕಲ್ಪಿತವಾದದ್ದು, ಆದರೆ ಕೋಟೆ ಒಡೆದದ್ದಾಗಲಿ, ಪಟ್ಟಣ ಸೂರೆಯಾದದ್ದಾಗಲಿ ಕಲ್ಪಿತವಲ್ಲ. ಇಲ್ಲಿಂದ ಒಂದು ಗಾವುದವೂ ಆಗದ ಆ ಊರಿನಲ್ಲಿ ಕೇಳದೆ ತೆಗೆದುಕೊಂಡ ವಸ್ತು, 1848ರ ಜೂನ್ 21ರಂದು ಯಾರ್ಕ್‌ಷೈರಿನ ಬಂಗಲೆಯೊಂದರಲ್ಲಿ ಹದಿನೆಂಟು ತುಂಬಿದ ರೇಚಲ್ ವೆರಿಂಡರ್ ಎಂಬ ಹುಡುಗಿಗೆ ಹುಟ್ಟುಹಬ್ಬದ ಕಾಣಿಕೆಯಾಗುತ್ತದೆ. ಅದೇ ರಾತ್ರಿ ಅವಳ ಕೊಠಡಿಯಿಂದ ಮತ್ತೆ ಯಾರೋ ಕೇಳದೆ ತೆಗೆದುಕೊಳ್ಳುತ್ತಾರೆ. ಬಾಗಿಲಿಗೆ ಬಳಿದಿದ್ದ ಹಸಿ ಬಣ್ಣ ಒಂದು ಕಡೆ ಒರೆಸಿಹೋಗಿದೆ. ಒರೆಸಿದವನ ಬಟ್ಟೆಗೆ ಬಣ್ಣ ಹತ್ತಿರಲೇಬೇಕು. ಆ ಬಟ್ಟೆ ಯಾರದು? ಇಷ್ಟೇ ಸಮಸ್ಯೆ. ಇದಕ್ಕೆ ಐನೂರು ಪುಟ ಏತಕ್ಕೆ ಬೇಕಾಯಿತು, ಹೇಳು ನೋಡೋಣ.

ತರುಣಿ: ಬೀರುಗಳನ್ನು ತೆರೆಸಲಾಗದ್ದರಿಂದ.

ಹಿರಿಯರು: ಭಲೆ! ನಾನು ಹೇಳಬೇಕೆಂದಿದ್ದದ್ದೂ ಅದೇ. ಸುಲಭವಾದ ಪತ್ತೇದಾರಿ ಕಥೆಯಲ್ಲಿ ಮೊದಲ ಪುಟಕ್ಕೇ ಒಂದು ಹೆಣ ಬಿದ್ದಿರುತ್ತದೆ. ಅಗಾಥಾ ಕ್ರಿಸ್ಟಿಯ 1942ರ ಕಾದಂಬರಿಯೊಂದರ ಹೆಸರೇ ‘ದಿ ಬಾಡಿ ಇನ್ ದಿ ಲೈಬ್ರರಿ’. ಗ್ರಂಥಗಳ ನಡುವೆ ನೆಲದ ಮೇಲೆ ಒಬ್ಬ ತರುಣಿಯ ಶವ. ಶವಕ್ಕೆ ಲಜ್ಜೆಯಿಲ್ಲ, ಅದರ ಅನುಮತಿಯನ್ನು ಯಾರೂ ಕೇಳಬೇಕಾದ್ದಿಲ್ಲ. ಉಗುರಿನ ಸಂದಿಯನ್ನು ಕೆದಕಬಹುದು, ಉಡುಪಿನ ನೂಲನ್ನು ಎಣಿಸಬಹುದು. ಆದಕಾರಣ ಕಥೆ ಓಡುತ್ತದೆ. ಕಾಲಿನ್ಸನ ಮನೆಯಲ್ಲಾದರೋ ಪರೀಕ್ಷಿಸಬೇಕಾದ್ದು ಬದುಕಿರುವವರ ಬಟ್ಟೆ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್, ಮನೆಯ ಎಲ್ಲರ ಬೀರುಗಳನ್ನೂ ಅವರವರ ಒಪ್ಪಿಗೆಯ ಮೇಲೆ ನೋಡುತ್ತೇನೆ ಎನ್ನುತ್ತಾನೆ, ಯಜಮಾನಿ ತನ್ನದನ್ನೇ ಮೊದಲು ತೆರೆಯಲು ಸಿದ್ಧಳಾಗುತ್ತಾಳೆ, ಅತಿಥಿಗಳೂ ಒಪ್ಪುತ್ತಾರೆ. ರೇಚಲ್ ಮಾತ್ರ ಒಲ್ಲೆನೆನ್ನುತ್ತಾಳೆ. ಕಫ್‌ನ ನಿಯಮವೋ, ಎಲ್ಲರದ್ದು ಇಲ್ಲವೆ ಯಾರದ್ದೂ ಇಲ್ಲ ಎಂಬುದು. ಒಬ್ಬ ಹುಡುಗಿಯ ಒಂದು ಬೇಡದಿಂದ ಇಡೀ ಶೋಧನೆ ನಿಂತುಹೋಗುತ್ತದೆ. ಕಥೆಯ ಕಷ್ಟವೆಲ್ಲ ಅನುಮತಿಯ ಕಷ್ಟ. ನಿನಗೆ ಬೇಸರ ತರಿಸಿದ ನಿಧಾನವೇ ಅದರ ಸಭ್ಯತೆ.

ತರುಣಿ: ಅಷ್ಟು ಬೇಗ ಸಭ್ಯತೆಯ ಪಟ್ಟ ಕಟ್ಟಬೇಡಿ. ಕಫ್‌ಗಿಂತ ಮೊದಲು ಬಂದ ಸೂಪರಿಂಟೆಂಡೆಂಟ್ ಸೀಗ್ರೇವ್ ಆಳುಗಳ ಪೆಟ್ಟಿಗೆಗಳನ್ನು ಆಗಲೇ ಜಾಲಾಡಿಯಾಗಿತ್ತು. ಅಡುಗೆಯವಳು, ಕಸ ಗುಡಿಸುವವಳು, ರೊಸ್ಯಾನಾ ಸ್ಪಿಯರ್‌ಮನ್ ಎಂಬ ಆ ಗೂನು ಭುಜದ ದಾಸಿ, ಇವರ ಒಲ್ಲದ ಮನಸ್ಸಿಗೆ ನಿಲ್ಲದ ಕಾನೂನು ಯಜಮಾನಿಯ ಮಗಳ ಒಲ್ಲೆನೆಂಬುದಕ್ಕೆ ನಿಂತಿತು. ಲಜ್ಜೆಯೆಂಬುದು ಆ ಮನೆಯಲ್ಲಿ ಮಹಡಿಯ ಮೇಲಿನವರ ಒಡವೆ. ಕೆಳಗಿನ ಕೋಣೆಯವರಿಗೆ ಅದು ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ.

ಹಿರಿಯರು: ಮಾತಿನಲ್ಲಿ ಸತ್ಯವಿದೆ. ಆದರೂ ಒಂದು ಪೂರ್ವಕಥೆಯನ್ನು ಕೇಳು. ಕಾಲಿನ್ಸ್ ಬರೆಯುವುದಕ್ಕೆ ಎಂಟು ವರ್ಷ ಹಿಂದೆ, 1860ರಲ್ಲಿ, ವಿಲ್ಟ್‌ಷೈರಿನ ರೋಡ್ ಎಂಬ ಹಳ್ಳಿಯ ಮನೆಯೊಂದರಲ್ಲಿ ನಾಲ್ಕು ತುಂಬದ ಗಂಡುಮಗುವಿನ ಕೊಲೆಯಾಯಿತು. ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರ ಜೊನಾಥನ್ ವಿಚರ್ ಬಂದು, ಮಗುವಿನ ಮಲಸೋದರಿ, ಹದಿನಾರು ವರ್ಷದ ಕಾನ್‌ಸ್ಟನ್ಸ್ ಕೆಂಟಳ ಮಲಗುವ ನಿಲುವಂಗಿಯೊಂದು ಕಾಣೆಯಾಗಿದೆ ಎಂಬುದನ್ನೇ ಆಧಾರ ಮಾಡಿಕೊಂಡು ಅವಳನ್ನು ಹಿಡಿದನು. ದೇಶಕ್ಕೆ ದೇಶವೇ ಸಿಟ್ಟಿಗೆದ್ದಿತು: ಕೂಲಿಕಾರರ ಕುಲದಿಂದ ಬಂದ ಪೊಲೀಸಿನವನೊಬ್ಬನು ಮರ್ಯಾದಸ್ಥರ ಮಗಳ ಒಳಬಟ್ಟೆಗಳ ಲೆಕ್ಕ ಕೇಳುವುದೆ! ಹುಡುಗಿ ಬಿಡುಗಡೆಯಾದಳು, ವಿಚರನ ಕೀರ್ತಿ ಮಣ್ಣುಪಾಲಾಯಿತು. ಐದು ವರ್ಷದ ಮೇಲೆ, 1865ರಲ್ಲಿ, ಅವಳೇ ಬಂದು ತಪ್ಪೊಪ್ಪಿಕೊಂಡಳು. ಆ ಪ್ರಕರಣದಲ್ಲೇ ಇನ್ನೊಂದು ಸಂಗತಿಯಿದೆ. ಅಡುಗೆಮನೆಯ ಒಲೆಯ ಪೊಟರೆಯಲ್ಲಿ ರಕ್ತದ ಕಲೆಯ ಒಳಅಂಗಿಯೊಂದು ಸ್ಥಳೀಯ ಪೊಲೀಸರಿಗೆ ಸಿಕ್ಕಿತ್ತು. ಅದು ಹೆಂಗಸರ ತಿಂಗಳ ಕಲೆಯೆಂದುಕೊಂಡು, ನಾಚಿಕೆಯಿಂದ ಅದನ್ನು ಬಚ್ಚಿಟ್ಟರು. ಕೊಲೆಯ ಸಾಕ್ಷ್ಯವಾಗಬಹುದಾಗಿದ್ದದ್ದು ಲಜ್ಜೆಯ ಕೆಳಗೆ ಹೂತುಹೋಯಿತು. ಈಗ ನೀನು ಹೇಳು: ಲಜ್ಜೆಗೆ ಮನ್ನಣೆ ಕೊಟ್ಟದ್ದರಿಂದ ಸತ್ತ ಮಗುವಿಗೆ ಅನ್ಯಾಯವಾಗಲಿಲ್ಲವೆ?

ತರುಣಿ: ಆಯಿತು, ನಾನು ಅಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ನಾಚಿದವರು ಯಾರು? ಪೊಲೀಸರು! ಅಂಗಿ ಯಾವಳದೋ ಅವಳನ್ನು ಹುಡುಕಿ, ಇದು ನಿನ್ನದೆ, ಈ ಕಲೆ ಏನು ಎಂದು ಗೌರವದಿಂದ ಕೇಳುವ ಬಾಯಿ ಒಬ್ಬರಿಗೂ ಬರಲಿಲ್ಲ. ಅವಳ ಪರವಾಗಿ ತಾವೇ ನಾಚಿಕೊಂಡು, ತಾವೇ ತೀರ್ಮಾನಿಸಿ, ತಾವೇ ಮುಚ್ಚಿಟ್ಟರು. ಲಜ್ಜೆಯ ಮೇಲೆ ನನ್ನ ತಕರಾರೂ ಅದೇ, ಮೇಷ್ಟ್ರೇ. ಅದು ಹೆಣ್ಣಿನ ಹೆಸರಿನಲ್ಲಿರುವ ಆಸ್ತಿ, ಅನುಭವಿಸುವವರು ಬೇರೆಯವರು.

ಹಿರಿಯರು: ನ್ಯಾಯಾಲಯದ ಭಾಷೆ ಬಂತು.

ತರುಣಿ: ಬರದೆ ಇರುತ್ತದೆಯೆ? 1860ರ ಮೆಕಾಲೆಯ ದಂಡಸಂಹಿತೆಯ 354ನೆಯ ಕಲಮನ್ನು ಕನ್ನಡದಲ್ಲಿ ನಾವು ‘ಮಾನಭಂಗ’ ಎನ್ನುತ್ತೇವೆ. ಹೊಸ ನ್ಯಾಯಸಂಹಿತೆ 2024ರ ಜುಲೈ 1ರಿಂದ ಬಂತು. ಕಲಮಿನ ಅಂಕಿ 74 ಆಯಿತು, ಮಾತು ಅದೇ ಉಳಿಯಿತು. ಹೆಣ್ಣಿನ ಮೈಮೇಲೆ ಕೈಹಾಕಿದರೆ ಭಂಗವಾಗುವುದು ಅವಳ ಮೈಯಲ್ಲ, ಅವಳ ಮಾನ! ಪಂಜಾಬಿನ ಒಂದು ಪ್ರಕರಣದಲ್ಲಿ ಏಳೂವರೆ ತಿಂಗಳ ಹಸುಗೂಸಿನ ಮೇಲೆ ಪಾಪಿಯೊಬ್ಬ ಕೈಮಾಡಿದ್ದನು. ಆ ಕೂಸಿಗೆ ಲಜ್ಜೆಯೆಂಬುದು ಇದೆಯೆ ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ 1966ರಲ್ಲಿ ಬಿಡಿಸಬೇಕಾಯಿತು. ಇದೆ ಎಂದರು ಇಬ್ಬರು ನ್ಯಾಯಮೂರ್ತಿಗಳು, ಹೆಣ್ಣಾಗಿ ಹುಟ್ಟಿದ್ದೇ ಸಾಕು ಎಂಬ ಆಧಾರದ ಮೇಲೆ. ಇಲ್ಲವೆಂದರು ಮೂರನೆಯವರು, ಆ ವಯಸ್ಸಿಗೆ ಅದು ಮೂಡಿರುವುದಿಲ್ಲ ಎಂದು. ಅಪರಾಧಿ ತಪ್ಪಿಸಿಕೊಳ್ಳದಂತೆ ಬಹುಮತ ನೋಡಿಕೊಂಡಿತು, ಒಳ್ಳೆಯದಾಯಿತು. ಆದರೆ ಪ್ರಶ್ನೆ ಎಂಥದು ನೋಡಿ. ಕೂಸಿಗೆ ನೋವಾಯಿತು ಎಂಬುದು ಸಾಲದೆಹೋಯಿತು. ಅದಕ್ಕೊಂದು ಮಾನವನ್ನು ಹುಡುಕಿ ತೊಡಿಸಿ, ಆಮೇಲೆ ಅದು ಭಂಗವಾಯಿತೆಂದು ಹೇಳಬೇಕಾಯಿತು.

ಇಲ್ಲಿ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಕಾಫಿ ಬಂತು. ಲೋಟದ ಅಂಚಿನ ಮೇಲೆ ಬೆರಳಾಡಿಸುತ್ತಾ ಅವರು ನಿಧಾನವಾಗಿ ಮುಂದುವರಿದರು.

ಹಿರಿಯರು: ಮಾನವೆಂಬ ಮಾತು ನಿಮ್ಮ ಸಂಹಿತೆಯ ಕೈಗೆ ಸಿಕ್ಕು ಕೆಟ್ಟಿತೆಂದು ಒಪ್ಪುತ್ತೇನೆ. ಆದರೆ ಲಜ್ಜೆಯನ್ನೆಲ್ಲ ಪರರ ಸೊತ್ತೆಂದು ತಳ್ಳಿಹಾಕಿದರೆ ನೀನು ಒಂದು ಊರುಗೋಲನ್ನು ಕಳೆದುಕೊಳ್ಳುತ್ತೀಯೆ. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಕ್ಕಮಹಾದೇವಿಯನ್ನು ಕೇಳುತ್ತಾನಲ್ಲವೆ, ಸೀರೆಯನ್ನು ಕಳೆದವಳು ಕೂದಲನ್ನೇಕೆ ಹೊದೆದೆ ಎಂದು? ನನ್ನ ಸಲುವಾಗಿ ಅಲ್ಲ, ನೋಡುವ ನಿಮ್ಮ ಸಲುವಾಗಿ ಎಂಬರ್ಥದ ಉತ್ತರ ಅವಳದು. ಉಡುವುದೂ ಬಿಡುವುದೂ ಮುಚ್ಚುವುದೂ ಅವಳ ನಿರ್ಧಾರವೇ ಆಗಿ ನಿಂತಿರುವ ನಿಲುವು ಅದು. ರೇಚಲ್‌ಗೂ 1848ರಲ್ಲಿ ಸಮ್ಮತಿಯ ಹಕ್ಕು, ದೇಹದ ಸ್ವಾಯತ್ತತೆ ಎಂಬ ಮಾತುಗಳಿರಲಿಲ್ಲ. ಲಜ್ಜೆಯೆಂಬ ಒಂದೇ ಬಾಗಿಲು ಇತ್ತು, ಅದನ್ನು ಒಳಗಿನಿಂದ ಅಗಳಿ ಹಾಕಿಕೊಂಡಳು. ಕಫ್‌ನಂಥ ಕಫ್ ಹೊರಗೆ ನಿಂತನು. ದುರ್ಬಲರ ಕೈಯಲ್ಲಿ ಇರುವ ಒಂದು ಆಯುಧವನ್ನು, ಅದನ್ನು ಮಾಡಿದವರು ಸರಿಯಿಲ್ಲವೆಂದು, ಕಿತ್ತುಕೊಳ್ಳುವುದೆ?

ತರುಣಿ: ಅಕ್ಕನ ಮಾತಿನಲ್ಲಿ ನನಗೆ ಇನ್ನೊಂದು ಕೇಳಿಸುತ್ತದೆ. ಎಲ್ಲವನ್ನೂ ಬಿಟ್ಟವಳಿಂದಲೂ ನೋಡುವವರ ಕಣ್ಣನ್ನು ಬಿಡಲಾಗಲಿಲ್ಲ; ಅವರ ದುರ್ಬಲತೆಯ ಹೊರೆಯನ್ನೂ ತನ್ನ ತಲೆಗೂದಲ ಮೇಲೆ ಹೊತ್ತಳು. ಇರಲಿ, ಅದು ದೊಡ್ಡವರ ಮಾತು. ರೇಚಲ್ ಅಗಳಿ ಹಾಕಿದಳೆಂದಿರಲ್ಲ, ಅದರಿಂದ ಅವಳಿಗೆ ದಕ್ಕಿದ್ದೇನು? ಕಫ್ ಆ ಮುಚ್ಚಿದ ಬಾಗಿಲನ್ನೇ ಸುಳಿವು ಎಂದುಕೊಂಡನು. ಬೀರು ತೆರೆಯಲೊಲ್ಲಳು, ಆದ್ದರಿಂದ ವಜ್ರ ಅವಳಲ್ಲಿದೆ. ತನ್ನ ಒಡವೆಯನ್ನು ತಾನೇ ಕದ್ದವಳು ಅವಳು ಎಂದು ಅವಳ ತಾಯಿಯೆದುರು ನಿಂತು ವಾದಿಸಿದನು. ಒಂದು ವರ್ಷ ಆ ಹುಡುಗಿ ಆ ಸಂಶಯದ ಕೆಳಗೆ ಬದುಕಿದಳು. ಆದದ್ದೋ ಬೇರೆ: ತಾನು ಪ್ರೀತಿಸಿದ ಫ್ರಾಂಕ್ಲಿನ್ ಬ್ಲೇಕ್ ನಡುರಾತ್ರಿ ತನ್ನ ಕೋಣೆಗೆ ಬಂದು ವಜ್ರವನ್ನು ತೆಗೆದದ್ದನ್ನು ಅವಳು ಕನ್ನಡಿಯಲ್ಲಿ ನೋಡಿದ್ದಳು. ಅವನ ಮಾನ ಉಳಿಯಲೆಂದು ಬಾಯಿ ಕಟ್ಟಿಕೊಂಡಳು. ಅವಳ ಮೌನದ ಅರ್ಥವನ್ನು ಎಲ್ಲರೂ ಬರೆದುಕೊಂಡರು, ಅವಳನ್ನು ಬಿಟ್ಟು.

ಹಿರಿಯರು: ಮೌನಂ ಸಮ್ಮತಿ ಲಕ್ಷಣಂ.

ತರುಣಿ: ಆ ಮಾತು ನನ್ನ ಕಕ್ಷಿದಾರರನ್ನು ಎಷ್ಟು ಸುಟ್ಟಿದೆ, ಬಲ್ಲಿರಾ? ಪತ್ತೇದಾರನು ಹೆಣ್ಣಿನ ಮೌನವನ್ನು ಅಪರಾಧವೆಂದು ಓದುತ್ತಾನೆ, ನ್ಯಾಯಾಲಯ ಅದನ್ನೇ ಒಪ್ಪಿಗೆಯೆಂದು ಓದುತ್ತದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಮಥುರಾ ಪ್ರಕರಣವೆಂದು ದೇಶಕ್ಕೆಲ್ಲ ಗೊತ್ತು. ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಂಡದ್ದಕ್ಕೆ ಸಾಕ್ಷ್ಯವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಪೊಲೀಸಿನವರನ್ನು ಬಿಡುಗಡೆ ಮಾಡಿತು. ಸುಳಿವಿಲ್ಲ, ಆದ್ದರಿಂದ ಒಪ್ಪಿಗೆ! ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಶರಣಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ತಿಳಿಹೇಳಬೇಕಾಯಿತು. ಪ್ರತಿಭಟಿಸದೆ ಇದ್ದ ಮಾತ್ರಕ್ಕೇ ಸಮ್ಮತಿಯೆಂದು ತಿಳಿಯತಕ್ಕದ್ದಲ್ಲ ಎಂಬ ವಾಕ್ಯ ಸಂಹಿತೆಯೊಳಗೆ ಬಂದದ್ದು 2013ರಲ್ಲಿ. ಆದರೂ ಹೋದ ತಿಂಗಳು ನಾನು ಕಂಡದ್ದನ್ನು ಹೇಳುತ್ತೇನೆ. ಫಿರ್ಯಾದಿ ಹೆಂಗಸು ಕಟ್ಟೆಯಲ್ಲಿ ನಿಂತಿದ್ದಾಳೆ. ಪಾಟೀಸವಾಲಿನವರು ಕೇಳುತ್ತಾರೆ: ಎಷ್ಟು ಹೊತ್ತು ಸುಮ್ಮನಿದ್ದೆಯಮ್ಮ? ಕೂಗಿಕೊಳ್ಳಲಿಲ್ಲವೇಕೆ? ಅವಳು ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಬೆರಳ ತುದಿ ಬಿಳಿಚಿಕೊಂಡಿತ್ತು. ಬೆರಳಚ್ಚುಗಾರ ಕೈ ಎತ್ತಿ ಕಾಯುತ್ತಿದ್ದಾನೆ. ಕೊನೆಗೆ ಕಡತದಲ್ಲಿ ಬಿದ್ದದ್ದು ಇಷ್ಟೇ: ಸಾಕ್ಷಿ ಉತ್ತರಿಸಲಿಲ್ಲ. ಆ ಸೆರಗು ಕಡತದಲ್ಲಿ ಎಲ್ಲಿದೆ?

(ಇದನ್ನು ಹೇಳುವಾಗ ಅವಳ ದನಿ ಏರಲಿಲ್ಲ, ತಗ್ಗಿತು. ಮಳೆಯ ಸದ್ದಿನಲ್ಲಿ ನಾನು ಮುಂದಕ್ಕೆ ಬಾಗಿ ಕೇಳಬೇಕಾಯಿತು.)

ಹಿರಿಯರು: ಆ ಸೆರಗನ್ನು ನೋಡಲು ಕಲಿಸುವುದು ಇಂಥ ಪುಸ್ತಕವೇ, ಮಗು. ನೆನೆಸಿಕೋ: ರೊಸ್ಯಾನಾಳ ಕೋಣೆಯ ಬೀಗದ ಕಂಡಿಯನ್ನು ಒಳಗಿನಿಂದ ತುರುಕಿ ಮುಚ್ಚಿತ್ತೆಂದು, ನಡುರಾತ್ರಿ ಬಾಗಿಲ ಕೆಳಗೆ ಬೆಳಕು ಕಂಡಿತೆಂದು, ಬೆಳಗಿನ ಜಾವಕ್ಕೆ ಬೆಂಕಿ ಚಟಪಟಿಸಿತೆಂದು ಜೊತೆಯ ದಾಸಿಯರು ಚಾಡಿ ಹೇಳುತ್ತಾರೆ. ಓದುವವನಿಗೆ ಅವಳೇ ಕಳ್ಳಿ ಎನಿಸುತ್ತದೆ. ಮೊದಲು ಕಳ್ಳತನ ಮಾಡಿ ಜೈಲು ಕಂಡವಳೂ ಹೌದು. ನೂರಾರು ಪುಟ ದಾಟಿದ ಮೇಲೆ ಅವಳ ಪತ್ರ ಸಿಕ್ಕಾಗ ತಿಳಿಯುತ್ತದೆ: ಬಣ್ಣ ಹತ್ತಿದ್ದ ಫ್ರಾಂಕ್ಲಿನ್ನನ ನಿಲುವಂಗಿಯನ್ನು ಅವಳು ಅಡಗಿಸಿ, ಅದರ ಬದಲಿಗೆ ಅಂಥದೇ ಇನ್ನೊಂದನ್ನು ತಾನೇ ಬಟ್ಟೆ ಕೊಂಡು ತಂದು ರಾತ್ರಿಯೆಲ್ಲ ಹೊಲಿಯುತ್ತಿದ್ದಳು. ಅವಳತ್ತ ಕಣ್ಣೆತ್ತಿಯೂ ನೋಡದವನನ್ನು ಉಳಿಸುವುದಕ್ಕೆ! ಆ ಹೊತ್ತಿಗೆ ಅವಳು ಕಡಲಂಚಿನ ಹುದುಲು ಮರಳಿನಲ್ಲಿ ಮುಳುಗಿ ಸತ್ತಾಗಿದೆ. ನಾವು ಅಷ್ಟು ಪುಟಗಳುದ್ದಕ್ಕೂ ಅವಳನ್ನು ತಪ್ಪಾಗಿ ಓದಿದೆವೆಂಬ ಲಜ್ಜೆ ನಮಗಾಗುತ್ತದೆ. ಸುಲಭದ ಪುಸ್ತಕ ಈ ಲಜ್ಜೆಯನ್ನು ಕೊಡಲಾರದು. ಅದು ನಮಗೆ ತಪ್ಪಲು ಸಮಯವನ್ನೇ ಕೊಡುವುದಿಲ್ಲ. ನಿಮ್ಮ ಬೆರಳಚ್ಚುಗಾರನು ಇಂಥದೊಂದು ಕಾದಂಬರಿಯನ್ನು ಕಷ್ಟಪಟ್ಟು ಓದಿದ್ದರೆ ಉತ್ತರಿಸಲಿಲ್ಲ ಎಂಬಲ್ಲಿಗೆ ನಿಲ್ಲಿಸುತ್ತಿರಲಿಲ್ಲವೋ ಏನೋ.

ತರುಣಿ: ಅವನು ನಿಲ್ಲಿಸದಿದ್ದರೂ ಕಡತ ನಿಲ್ಲಿಸುತ್ತದೆ. ಆದರೆ ರೊಸ್ಯಾನಾಳ ಪತ್ರದ ವಿಷಯದಲ್ಲಿ ನಿಮ್ಮೊಡನೆ ನಾನೂ ಅತ್ತಿದ್ದೇನೆ, ಅಲ್ಲಿ ವಾದವಿಲ್ಲ. ವಾದ ಬೇರೆ ಕಡೆ. ಈ ಕಾದಂಬರಿಯಲ್ಲಿ ಹೇಳಿಕೆ ಕೊಡಲು ಯಾರು ಯಾರನ್ನು ಕರೆದಿದ್ದಾರೆ ಎಂದು ಎಣಿಸಿ. ಪಾರುಪತ್ಯಗಾರ ಬೆಟರೆಜ್, ವಕೀಲ ಬ್ರಫ್, ಫ್ರಾಂಕ್ಲಿನ್, ವೈದ್ಯನ ಸಹಾಯಕ ಎಜ್ರಾ ಜೆನ್ನಿಂಗ್ಸ್, ಕಫ್, ಕೊನೆಗೆ ಸೋಮನಾಥದ ತನಕ ಹೋಗಿಬಂದ ಪ್ರವಾಸಿ. ಹೆಂಗಸರಲ್ಲಿ ಆ ಮಿಸ್ ಕ್ಲಾಕ್ ಒಬ್ಬಳು. ಅವಳನ್ನು ನಗೆಪಾಟಲು ಮಾಡುವುದಕ್ಕೆಂದೇ ಕರೆದದ್ದು. ಯಾರ ಕೋಣೆಗೆ ನಡುರಾತ್ರಿ ನುಗ್ಗಿದರೋ, ಯಾವಳೊಬ್ಬಳೇ ಕಣ್ಣಾರೆ ಕಂಡಳೋ, ಅವಳ ಹೇಳಿಕೆಯಿಲ್ಲ. ಪ್ರತಿಯೊಬ್ಬರೂ ಕಂಡದ್ದನ್ನು ಬರೆಯತಕ್ಕದ್ದು ಎಂಬ ಕಟ್ಟಳೆ ಇಟ್ಟವನು, ಕಂಡವಳನ್ನು ಬಿಟ್ಟದ್ದೇಕೆ?

ಹಿರಿಯರು: ಇದನ್ನು ನಾನೂ ಬಹಳ ವರ್ಷ ಯೋಚಿಸಿದ್ದೇನೆ. ಅವಳು ಮೊದಲೇ ಬರೆದಿದ್ದರೆ ಕಥೆ ಮೊದಲ ದಿನವೇ ಮುಗಿಯುತ್ತಿತ್ತು ಎಂಬುದು ಸುಲಭದ ಉತ್ತರ. ನನಗೆ ಬೇರೊಂದು ತೋರುತ್ತದೆ. ಅದು ಕಾದಂಬರಿಕಾರನ ಲಜ್ಜೆ. ಕಫ್ ಬೀರು ತೆರೆಯಲಿಲ್ಲ; ಕಾಲಿನ್ಸ್ ಮನಸ್ಸು ತೆರೆಯಲಿಲ್ಲ. ಎಲ್ಲರ ಒಳಹೊಕ್ಕು ಬರೆಯಬಲ್ಲವನು ಅವಳ ಹೊಸ್ತಿಲಲ್ಲಿ ನಿಂತುಬಿಟ್ಟನು. ಬೇಡವೆಂದವಳ ಅಂತರಂಗಕ್ಕೆ ಓದುಗರನ್ನು ನುಗ್ಗಿಸದಿದ್ದದ್ದು ನನಗೆ ದೊಡ್ಡ ಗೌರವವಾಗಿ ಕಾಣುತ್ತದೆ.

ತರುಣಿ: ಅವಳು ಬೇಡವೆಂದದ್ದು ಬೀರಿಗೆ. ಬರೆಯುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳದೆ ಒಳನುಗ್ಗುವುದು ಒಂದು ಅನ್ಯಾಯ; ಕೇಳದೆ ಹೊರಗಿಡುವುದೂ ಅದರ ಒಡಹುಟ್ಟೇ. ಕೊನೆಗೆ ಅವಳ ಬಾಯಿಂದ ಸತ್ಯ ಹೊರಟದ್ದು ಹೇಗೆ? ವಕೀಲ ಬ್ರಫ್ ಅವಳನ್ನು ತನ್ನ ಮನೆಗೆ ಬರಮಾಡಿಕೊಂಡು, ಅವಳಿಗೆ ಸುಳಿವೇ ಕೊಡದೆ, ಹಿತ್ತಿಲ ಬಾಗಿಲ ಬೀಗದಕೈಯನ್ನು ಫ್ರಾಂಕ್ಲಿನ್ನನ ಕೈಗೆ ಕೊಟ್ಟನು. ಪಿಯಾನೋ ನುಡಿಸುತ್ತಿದ್ದವಳ ಮುಂದೆ ಅವನು ಹೋಗಿ ನಿಂತನು. ಯಾರನ್ನು ಕಾಣಲೊಲ್ಲೆನೆಂದು ಒಂದು ವರ್ಷ ಹಟ ಹಿಡಿದಿದ್ದಳೋ ಅವನನ್ನೇ ಅವಳ ಮೇಲೆ ತಂದು ಹಾಕಿದರು. ನಿಮ್ಮ ಸಭ್ಯ ನಿಧಾನ ಆಗ ಎಲ್ಲಿ ಹೋಯಿತು?

ಹಿರಿಯರು: ಆ ಅಧ್ಯಾಯವನ್ನು ಸಮರ್ಥಿಸಲಾರೆ. ಆದರೆ ಅದರ ಮುಂದಿನದನ್ನು ನೋಡು. ಕಾದಂಬರಿಯ ಗರ್ಭ ಅಲ್ಲಿದೆ. ಫ್ರಾಂಕ್ಲಿನ್ ಕದ್ದದ್ದು ತನಗೇ ತಿಳಿಯದೆ. ಹೊಗೆಸೊಪ್ಪು ಬಿಟ್ಟು ನಿದ್ರೆಗೆಟ್ಟಿದ್ದವನು ಔತಣದಲ್ಲಿ ವೈದ್ಯಶಾಸ್ತ್ರವನ್ನು ಹೀಗಳೆದನೆಂದು, ಡಾಕ್ಟರ್ ಕ್ಯಾಂಡಿ ಅವನಿಗೆ ಬುದ್ಧಿ ಕಲಿಸಲು ಗುಟ್ಟಾಗಿ ಇಪ್ಪತ್ತೈದು ತೊಟ್ಟು ಅಫೀಮಿನ ದ್ರಾವಣ ಕುಡಿಸಿಬಿಟ್ಟಿದ್ದನು. ವಜ್ರಕ್ಕೆ ಅಪಾಯವಿದೆಯೆಂಬ ಚಿಂತೆಯಲ್ಲೇ ಮಲಗಿದ್ದವನು ಆ ಮಂಪರಿನಲ್ಲಿ ಎದ್ದು ಅದನ್ನು ತೆಗೆದನು. ಎಲ್ಲ ದುಃಖದ ಮೂಲ ಒಬ್ಬ ಮನುಷ್ಯನ ಮೈಯೊಳಗೆ ಅವನನ್ನು ಕೇಳದೆ ಏನನ್ನೋ ಸೇರಿಸಿದ್ದು. ಮುಂದಿನ ವರ್ಷ ಜೆನ್ನಿಂಗ್ಸ್ ಆ ರಾತ್ರಿಯನ್ನೇ ಮತ್ತೆ ನಡೆಸುತ್ತಾನೆ: ಅದೇ ಮನೆ, ಅದೇ ಕೋಣೆ, ಈ ಸಲ ನಲವತ್ತು ತೊಟ್ಟು. ಆದರೆ ಈ ಸಲ ಫ್ರಾಂಕ್ಲಿನ್ ಅರಿತು ಒಪ್ಪಿದ್ದಾನೆ, ಸಾಕ್ಷಿಗಳು ಕುಳಿತಿದ್ದಾರೆ, ನಡೆದದ್ದಕ್ಕೆಲ್ಲ ಬರಹದಲ್ಲಿ ರುಜುವಿದೆ. ಮನೆಯನ್ನು ಬಳಸಲು ರೇಚಲ್‌ಗೆ ಕಾಗದ ಬರೆದು ಅಪ್ಪಣೆ ಪಡೆದಿದ್ದಾರೆ. ಮೊದಲ ರಾತ್ರಿಗೂ ಎರಡನೆಯ ರಾತ್ರಿಗೂ ಇರುವ ವ್ಯತ್ಯಾಸ ಸಮ್ಮತಿಯೊಂದೇ. ನೀವು ಈಗ ಹೇಳುತ್ತಿರುವುದನ್ನು ಅವನು ಆಗಲೇ ಒಂದು ಪ್ರಯೋಗ ಮಾಡಿ ತೋರಿಸಿದ್ದಾನೆ.

ತರುಣಿ: ಗಂಡಸಿನ ಮೈಮೇಲೆ. ಗಂಡಸಿನ ಮೈಯಾದರೆ ಯಾರಿಗೂ ವಿವರಿಸಬೇಕಾಗಿಲ್ಲ. ಕೇಳದೆ ಔಷಧ ಕೊಟ್ಟದ್ದು ತಪ್ಪೆಂದು ಮಕ್ಕಳಿಗೂ ತಿಳಿಯುತ್ತದೆ. ಆ ಕಂತುಗಳು ಅಚ್ಚಾಗುತ್ತಿದ್ದ ದಿನಗಳಲ್ಲೇ ಇಂಗ್ಲೆಂಡಿನ ಸೈನ್ಯದ ಊರುಗಳಲ್ಲಿ ಮಫ್ತಿಯ ಪೊಲೀಸರು, ಅದೇ ಲಂಡನ್ ಪೊಲೀಸರು, ಬಡಹೆಂಗಸರನ್ನು ಸೂಳೆಯರೆಂದು ಗುರುತುಹಾಕಿ, ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ಬಲವಂತವಾಗಿ ಉಪಕರಣವಿಟ್ಟು ಒಳಪರೀಕ್ಷೆ ಮಾಡಿಸುತ್ತಿದ್ದರು. ಒಲ್ಲೆನೆಂದವಳಿಗೆ ಜೈಲು. ಸೈನಿಕರಿಗೆ ಪರೀಕ್ಷೆಯಿಲ್ಲ. ಅದೇ 1868ರಲ್ಲಿ ಆ ಕಾಯಿದೆ ನಮ್ಮ ದೇಶಕ್ಕೂ ಬಂತು. ಜೋಸೆಫಿನ್ ಬಟ್ಲರ್ ಎಂಬಾಕೆ 1869ರಿಂದ ಮರ್ಯಾದಸ್ಥ ಹೆಂಗಸರನ್ನು ಒಟ್ಟುಗೂಡಿಸಿ, ಬಾಯಲ್ಲಿ ಆಡಬಾರದ ಮಾತನ್ನು ಸಭೆಗಳಲ್ಲಿ ಆಡಿ, 1886ರಲ್ಲಿ ಅಲ್ಲಿ ಅದನ್ನು ತೆಗೆಸಿದಳು. ಲಜ್ಜೆಯಿಂದ ಅವಳು ಸುಮ್ಮನಿದ್ದಿದ್ದರೆ?

ಹಿರಿಯರು: ಅವಳು ಆಡಿದ್ದು ಆ ಬಡವೆಯರ ಲಜ್ಜೆಯನ್ನು ಉಳಿಸುವುದಕ್ಕೆ ಎಂದು ನಾನಾದರೂ ಹೇಳಬಹುದು. ಅದಿರಲಿ, ಆ ಕಾಯಿದೆಯಲ್ಲಿ ಒಂದು ಕಾಗದವೂ ಇತ್ತಲ್ಲವೆ? ಸ್ವಇಚ್ಛೆಯಿಂದ ಪರೀಕ್ಷೆಗೆ ಒಳಪಡುತ್ತೇನೆ ಎಂದು ಹೆಂಗಸರಿಂದ ರುಜು ಹಾಕಿಸಿಕೊಳ್ಳುವ ಪತ್ರ. ಓದು ಬಾರದವರು ಗೀಟು ಎಳೆದು ಕೊಟ್ಟರು. ನಿನ್ನ ಸಮ್ಮತಿಯನ್ನೂ ಹೀಗೆ ಕಾಗದದ ಮೇಲೆ ಹುಟ್ಟಿಸಬಹುದು. ಹೌದೆನಿಸುವುದು ಅಧಿಕಾರಕ್ಕೆ ಕಷ್ಟವಲ್ಲ. ನಾಚಿಕೆಯನ್ನು ಹಾಗೆ ಹುಟ್ಟಿಸಲಾಗದು. ಅದು ಮೈಯಿಂದಲೇ ಬರುತ್ತದೆ, ಕೈ ನಡುಗುತ್ತದೆ, ಕಣ್ಣು ತಗ್ಗುತ್ತದೆ. ನೀನು ಹೇಳಿದ ಆ ಸೆರಗಿನಂತೆ.

ಈ ಮಾತಿಗೆ ಅವಳು ಥಟ್ಟನೆ ಉತ್ತರ ಕೊಡಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅದರ ಸವೆದ ಬೆನ್ನನ್ನು ಸವರುತ್ತಿದ್ದಳು.

ತರುಣಿ: ಅದು ನನಗೂ ದಿನಾ ಎದುರಾಗುವ ಸಂಕಟ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮೊದಲು ಅವಳ ಒಪ್ಪಿಗೆ ಬೇಕೆಂದು ಕಾನೂನಿದೆ. ಎರಡು ಬೆರಳಿನ ಆ ಹೀನ ಪರೀಕ್ಷೆ ತಪ್ಪೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲೇ ಹೇಳಿದೆ. ಆದರೆ ಒಪ್ಪಿಗೆಯ ಕಾಗದವನ್ನು ಅವಳ ಮುಂದೆ ಚಾಚಿ, ಇಲ್ಲಿ ಹಾಕಮ್ಮ ಎಂದು ಬೆರಳಿಟ್ಟು ತೋರಿಸಿದಾಗ ಅವಳು ಓದಿದಳೆ? ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು, ಬೇಡವೆನ್ನಬಹುದು ತಾಯಿ ಎಂದು ಹೇಳಿದ್ದೇನೆ. ಬೇಡವೆಂದರೆ ಸಾಕ್ಷ್ಯ ಹೋಗುತ್ತದೆ, ಅವನು ಬಿಡುಗಡೆಯಾಗುತ್ತಾನೆ ಎಂಬುದನ್ನೂ ಹೇಳಬೇಕು. ಎರಡನ್ನೂ ಕೇಳಿದ ಮೇಲೆ ಅವಳು ಹಾಕುವ ರುಜು ಎಷ್ಟರಮಟ್ಟಿಗೆ ಸ್ವಇಚ್ಛೆ? ಆದರೂ, ಮೇಷ್ಟ್ರೇ, ಕೇಳುವುದಕ್ಕಿಂತ ಬೇರೆ ದಾರಿ ನನಗೆ ಕಾಣದು. ನಡುಗುವ ಕೈಯನ್ನು ನೋಡಿ ನಾನೇ ಅರ್ಥಮಾಡಿಕೊಂಡೆನೆಂದರೆ ನಾನೂ ಕಫ್ ಆಗುತ್ತೇನೆ.

ಹಿರಿಯರು: ಕೇಳಿಯೂ ನೋಡು, ನೋಡಿಯೂ ಕೇಳು ಎಂದರೆ?

ತರುಣಿ: ಅದಕ್ಕೆ ಪುರುಸೊತ್ತು ಬೇಕು. ನ್ಯಾಯಾಲಯ ನಮಗೆ ಐನೂರು ಪುಟ ಕೊಡುವುದಿಲ್ಲ. ಮತ್ತೆ ನಿಮ್ಮ ರೇಚಲ್ ಕೊನೆಗೆ ಫ್ರಾಂಕ್ಲಿನ್ನನನ್ನು ಮದುವೆಯಾದಳು, ಸುಖವಾಗಿದ್ದಿರಲಿ. ಆದರೆ ಆ ದಿನದ ಇಂಗ್ಲಿಷ್ ಕಾನೂನಿನಲ್ಲಿ, ಮ್ಯಾಥ್ಯೂ ಹೇಲನ 1736ರ ಗ್ರಂಥದಂತೆ, ಮದುವೆಯಂದು ಕೊಟ್ಟ ಒಪ್ಪಿಗೆಯನ್ನು ಹೆಂಡತಿ ಸಾಯುವತನಕ ಹಿಂತೆಗೆಯುವಂತಿರಲಿಲ್ಲ. ಅಲ್ಲಿ ಅದು ಬಿದ್ದದ್ದು 1991ರಲ್ಲಿ. ನಮ್ಮ ಸಂಹಿತೆಯಲ್ಲಿ ಗಂಡನಿಗೆ ಆ ವಿನಾಯಿತಿ ಇವತ್ತಿಗೂ ಇದೆ. ನಮ್ಮ ಉಚ್ಚ ನ್ಯಾಯಾಲಯ 2022ರಲ್ಲಿ, ಗಂಡನಾದರೇನು, ವಿಚಾರಣೆ ನಡೆಯಲಿ ಎಂದಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದಿಂದ ತಡೆ ಬಂತು. ಶೋಧಿಸಲು ಬಂದ ಪೊಲೀಸಿನವನಿಗೆ ಬೀರು ಮುಚ್ಚಬಲ್ಲ ರೇಚಲ್, ಮದುವೆಯಾದ ಮೇಲೆ ಬಾಗಿಲು ಮುಚ್ಚುವಂತಿರಲಿಲ್ಲ.

ಹಿರಿಯರು: ಹೇಲನ ವಿಷಯ ನನಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಆ ಮದುವೆಯನ್ನು ಶುಭಂ ಎಂದೇ ಪಾಠ ಹೇಳಿದೆ… ಆದರೆ ಒಂದು ಪ್ರಶ್ನೆ ಉಳಿದಿದೆ. ನಿನ್ನನ್ನು ಸಿಕ್ಕಿಸಲು ಕೇಳುತ್ತಿಲ್ಲ. ಪ್ರಯೋಗದ ರಾತ್ರಿ ಮುಗಿದಿದೆ. ಅಫೀಮಿನ ನಿದ್ರೆಯಲ್ಲಿ ಫ್ರಾಂಕ್ಲಿನ್ ಸೋಫಾದ ಮೇಲೆ ಮಲಗಿದ್ದಾನೆ. ಅವನು ನಿರಪರಾಧಿಯೆಂದು ಕಣ್ಣಾರೆ ಕಂಡ ರೇಚಲ್ ಪಕ್ಕದಲ್ಲಿ ಕಾವಲು ಕುಳಿತಿದ್ದಾಳೆ. ಒಂದು ವರ್ಷದ ದುಃಖ ಕರಗಿದೆ. ಬಾಗಿ ಅವನ ಹಣೆಗೆ ಮುತ್ತಿಡುತ್ತಾಳೆ. ಅವನಿಗೆ ಎಚ್ಚರವಿಲ್ಲ, ಅವನನ್ನು ಅವಳು ಕೇಳಿಲ್ಲ. ನಿನ್ನ ಅಳತೆಗೋಲನ್ನು ಅಲ್ಲಿಗೂ ಒಯ್ಯುತ್ತೀಯಾ?

ತರುಣಿ ಬಹಳ ಹೊತ್ತು ಮಳೆಯನ್ನೇ ನೋಡುತ್ತಿದ್ದಳು. ಹಿರಿಯರು ಕಾದರು. ಮೌನವನ್ನು ತಮ್ಮ ಗೆಲುವೆಂದು ಅವರು ಎಣಿಸಲಿಲ್ಲವೆಂಬುದನ್ನು ನಾನು ಅವರ ಮುಖದಲ್ಲಿ ಕಂಡೆ.

ತರುಣಿ: ಓದುವಾಗ ನನಗೆ ಸಂತೋಷವೇ ಆಯಿತು. ಅದೇ ಮುತ್ತನ್ನು ನಿದ್ರೆಯಲ್ಲಿದ್ದ ರೇಚಲ್‌ಗೆ ಅವನು ಇಟ್ಟಿದ್ದರೆ ಪುಸ್ತಕವನ್ನು ಮುಚ್ಚಿಡುತ್ತಿದ್ದೆ. ಇದು ಸರಿಯಲ್ಲವೆಂದು ಗೊತ್ತು. ಆದರೂ ಹಾಗೆಯೇ ಇದೆ… ಎಚ್ಚರವಾದ ಮೇಲೆ ಅವಳು ಅವನಿಗೆ ಹೇಳಿದಳೆ?

ಹಿರಿಯರು: ಅವನಿಗೆ ತಿಳಿದದ್ದು ಜೆನ್ನಿಂಗ್ಸನ ದಿನಚರಿಯಿಂದ. ಅವನು ಬರೆದಿಟ್ಟಿದ್ದನು.

ತರುಣಿ: ಅಲ್ಲಿಯೂ ಅವಳು ಬರೆಯಲಿಲ್ಲ.

ಹಿರಿಯರು: ಇಲ್ಲ. ಆದರೆ ಮುತ್ತಿಟ್ಟ ಮೇಲೆ ಜೆನ್ನಿಂಗ್ಸನ ಕಡೆ ತಿರುಗಿ ಏನೋ ಒಂದು ಮಾತು ಆಡುತ್ತಾಳೆ. ನೆನಪಿದೆಯೆ?

ಅವಳಿಗೆ ನೆನಪಾಗಲಿಲ್ಲ. ಹಿಂದಿರುಗಿಸಲು ತಂದಿದ್ದ ಪುಸ್ತಕವನ್ನು ತೆರೆದು, ಜಗಲಿಯ ದೀಪದ ಕೆಳಕ್ಕೆ ಕುರ್ಚಿಯನ್ನು ಎಳೆದುಕೊಂಡಳು. ಹಿರಿಯರು ಕನ್ನಡಕ ಹುಡುಕುತ್ತಾ ಒಳಗೆ ಹೋದರು.